ಪೋರ್ಟೊದಿಂದ ಪ್ಯಾರಿಸ್‌ಗೆ ಎರಡೇ ಗಂಟೆ

ಅಡೆಲಿನೊ ಮಾಡಿದ ತಪ್ಪು ಒಂದೇ ಒಂದು. ವಿಮಾನದ ಟಿಕೆಟ್ ತೆಗೆಯುವುದು ಹೇಗೆಂದು ಗೊತ್ತಿಲ್ಲದೆ ಸೋಮವಾರ ಸಂಜೆ ಕಸಿಮಿರೊನ ಕಾಫಿ ಅಂಗಡಿಗೆ ಹೋಗಿ, ಅವನ ಫೋನಿನಲ್ಲಿ ತೆಗೆಸಿದ. ಫೋನಿಗೆ ಮಾತ್ರ ಗೊತ್ತಾಗಿದ್ದರೆ ಏನೂ ಆಗುತ್ತಿರಲಿಲ್ಲ. ಕಸಿಮಿರೊಗೂ ಗೊತ್ತಾಯಿತು. ಪೋರ್ಟೊದ ಆ ಓಣಿಯಲ್ಲಿ ಗುಟ್ಟು ಅನ್ನುವುದು ಬಟ್ಟೆ ಒಣಹಾಕುವ ಹಗ್ಗದ ಹಾಗೆ. ಒಂದು ತುದಿ ನಿಮ್ಮ ಕಿಟಕಿಯಲ್ಲಿದ್ದರೆ ಇನ್ನೊಂದು ತುದಿ ಎದುರು ಮನೆಯಲ್ಲೇ ಇರಬೇಕು.

ಮಂಗಳವಾರ ನಸುಕಿನಲ್ಲಿ ಅವನು ಬಾಗಿಲು ತೆಗೆದಾಗ ಹೊಸ್ತಿಲ ಮೇಲೆ ಐದು ಲೀಟರಿನ ಆಲಿವ್ ಎಣ್ಣೆ ಡಬ್ಬಿ ಕೂತಿತ್ತು. ಅದರ ಪಕ್ಕ ಹಲಗೆಯಂತೆ ಒಣಗಿದ ಇಡೀ ಉಪ್ಪುಮೀನು, ಚಕ್ರದಷ್ಟು ದೊಡ್ಡ, ದಪ್ಪನೆಯ ಮೆಕ್ಕೆಜೋಳದ ರೊಟ್ಟಿ, ಬೇರಿಗೆ ಒದ್ದೆ ಕಾಗದ ಸುತ್ತಿದ ಎಲೆಕೋಸಿನ ಸಸಿಗಳು, ಗಜದುದ್ದದ ಚೊರಿಸೊ ಸಾಸೇಜಿನ ಸರ. ಅವುಗಳ ಹಿಂದೆ, ಸಾಮಾನಿಗಿಂತ ಗಟ್ಟಿಯಾಗಿ, ಪಕ್ಕದ ಮನೆಯ ವಿಧವೆ ಡೊನಾ ಎರ್ಮೆಲಿಂಡಾ ನಿಂತಿದ್ದಳು.

"ಎಣ್ಣೆ ನಮ್ಮಕ್ಕನ ಮಗಳಿಗೆ. ಮೀನು ನಮ್ಮ ಭಾವನಿಗೆ. ಸಸಿ ಮಾತ್ರ ನೆಟ್ಟಗೆ ಹಿಡ್ಕೊ ಮಾರಾಯ, ತಲೆಕೆಳಗೆ ಮಾಡಿದ್ರೆ ಸತ್ತುಹೋಗತ್ತೆ."

"ಡೊನಾ ಎರ್ಮೆಲಿಂಡಾ, ಇದು ಬಸ್ಸಲ್ಲ. ವಿಮಾನ. ಒಂದೇ ಒಂದು ಸಣ್ಣ ಚೀಲ ಬಿಡ್ತಾರೆ."

"ಮೂವತ್ತೊಂದು ವರ್ಷ ಯಾವತ್ತಾದ್ರೂ ಇಲ್ಲ ಅಂದಿದ್ಯಾ? ಈಗ ಮೇಲೆ ಹಾರ್ತಿದ್ದೀನಿ ಅಂತ ಕೊಬ್ಬಾ?"

ಇದು ಅವನ ಮರ್ಮಕ್ಕೇ ತಾಗಿತು. ಮೂವತ್ತೊಂದು ವರ್ಷ ಪೋರ್ಟೊ–ಪ್ಯಾರಿಸ್ ಬಸ್ಸು ಓಡಿಸಿದವನು ಅವನು. ಆ ಕಾಲಕ್ಕೆ ಅರ್ಧ ಓಣಿ ಪ್ಯಾರಿಸ್ಸಿನಲ್ಲಿತ್ತು. ಗಂಡಸರು ಗಾರೆ ಹೊರುತ್ತಿದ್ದರು, ಹೆಂಗಸರು ಯಾರದೋ ಮೆಟ್ಟಿಲು ತೊಳೆಯುತ್ತಿದ್ದರು. ಕಾಗದ ಬರೆಯಲು ಬಾರದ ತಾಯಂದಿರು ಸಾಸೇಜು ಕಳಿಸುತ್ತಿದ್ದರು. ಸಾಸೇಜಿನ ಖಾರ ನೋಡಿಯೇ ಅಮ್ಮ ಗೆಲುವಾಗಿದ್ದಾಳೋ ಸಿಟ್ಟಾಗಿದ್ದಾಳೋ ಅಂತ ಮಕ್ಕಳು ಅಲ್ಲಿ ತಿಳಿದುಕೊಳ್ಳುತ್ತಿದ್ದರು. ಸಾವಿರದ ಆರುನೂರು ಕಿಲೋಮೀಟರು, ಒಂದು ಹಗಲು, ಒಂದು ರಾತ್ರಿ. ಅಡೆಲಿನೊನ ಕೈಯಲ್ಲಿ ಒಂದು ಗಂಟೂ ಕಳೆದಿರಲಿಲ್ಲ. ಅಂಥವನಿಗೆ 'ಒಯ್ಯಲ್ಲ' ಅನ್ನುವ ಮಾತು ನಾಲಿಗೆಯ ಮೇಲೆ ಹೊರಳುವುದೇ ಇಲ್ಲ.

ಅಷ್ಟರಲ್ಲಿ ಕಸಿಮಿರೊ ಫೋನು ಹಿಡಿದುಕೊಂಡು ಅಂಗಳಕ್ಕೆ ಬಂದ. ಓಣಿಯ ಜನ ನಲ್ಲಿಯ ಸುತ್ತ ಸೇರಿದರು.

"ನೋಡ್ರಪ್ಪ, ಟಿಕೆಟ್ಟಲ್ಲಿ ಏನಿದೆ ಅಂತ. ಹೋಗೋದು ಎಂಟೂವರೆಗೆ ಹೊರಟು ಹನ್ನೊಂದೂವರೆ ದಾಟಿದ ಮೇಲೆ ತಲುಪೋದು. ಮೂರು ಗಂಟೆ. ಸಾಯಂಕಾಲ ವಾಪಸ್ ಬರೋದು ಏಳಕ್ಕೆ ಹೊರಟು ಎಂಟಕ್ಕೆ ತಲುಪೋದು. ಒಂದೇ ಗಂಟೆ. ಯಾಕೆ ಹೇಳಿ?"

"ಯಾಕೆ?" ಅಂದಳು ಎರ್ಮೆಲಿಂಡಾ.

"ಭೂಪಟ ನೋಡಿಲ್ವಾ? ಪ್ಯಾರಿಸ್ ಮೇಲಿದೆ, ನಾವು ಕೆಳಗಿದ್ದೀವಿ. ಹೋಗ್ತಾ ಏರು, ಬರ್ತಾ ಇಳಿಜಾರು."

"ಅವರ ಗಡಿಯಾರ ನಮ್ಮದಕ್ಕಿಂತ ಒಂದು ಗಂಟೆ ಮುಂದೆ ಕಣಯ್ಯಾ!" ಅಡೆಲಿನೊ ಕೂಗಿದ. "ಹೋಗೋದೂ ಎರಡು ಗಂಟೆ, ಬರೋದೂ ಎರಡು ಗಂಟೆ."

"ನೆಲದ ಮೇಲೆ ಓಡಿಸಿದೋನಿಗೆ ಆಕಾಶದ ವಿಷಯ ಏನು ಗೊತ್ತು, ಸುಮ್ನಿರು," ಅಂದ ಕಸಿಮಿರೊ. ಎಲ್ಲರೂ ತಲೆಯಾಡಿಸಿದರು. ಇಳಿಜಾರು ಅನ್ನುವುದು ಎಲ್ಲರ ಕಾಲಿಗೂ ಗೊತ್ತಿದ್ದ ವಿಷಯ.

"ಇವತ್ತೇ ವಾಪಸ್ ಬರೋ ಟಿಕೆಟ್ ಯಾಕೆ ತೆಗೆದೆ? ನಾನು ಕೇಳಿರಲಿಲ್ವಲ್ಲ?" ಅಂದ ಅಡೆಲಿನೊ.

"ಅವಳು ಹೂಂ ಅಂದ್ರೆ ಹರಿದು ಬಿಸಾಕು. ಊಹೂಂ ಅಂದ್ರೆ ಬೇಕಾಗತ್ತಲ್ಲ," ಅಂದ ಕಸಿಮಿರೊ, ಬಹಳ ಉಪಕಾರ ಮಾಡಿದವನ ಮುಖ ಮಾಡಿಕೊಂಡು.

ಹಾಗಾದರೆ 'ಅವಳು' ಕೂಡ ಓಣಿಗೆಲ್ಲ ಗೊತ್ತಾಗಿತ್ತು. ಅಡೆಲಿನೊ ಕಿವಿಯವರೆಗೆ ಕೆಂಪಾದ.

ಅವಳು ಗ್ರಾಸಿಂಡಾ. ಪ್ಯಾರಿಸ್ಸಿನ ಒಂದು ಹಳೆಯ ಕಟ್ಟಡದ ಬಾಗಿಲು ಕಾಯುವವಳು. ಮೆಟ್ಟಿಲ ಕೆಳಗಿನ ಪುಟ್ಟ ಕೋಣೆಯಲ್ಲಿ ಬದುಕು ಸವೆಸಿದವಳು. ಬಸ್ಸು ಬಂದ ದಿನ ನಿಲ್ದಾಣಕ್ಕೆ ಬಂದು ತನ್ನ ಬೀದಿಯವರ ಗಂಟುಗಳನ್ನೆಲ್ಲ ಇಳಿಸಿಕೊಳ್ಳುವಳು, ಅಡೆಲಿನೊಗೆ ಫ್ಲಾಸ್ಕಿನಲ್ಲಿ ಕಾಫಿ ತರುವಳು. ಅವನು ನಿವೃತ್ತನಾಗಿ ನಾಲ್ಕು ವರ್ಷ. ಅಂದಿನಿಂದ ಪ್ರತಿ ಭಾನುವಾರ ಫೋನು. ಪ್ರತಿ ಭಾನುವಾರವೂ ಅವಳು, "ಒಂದ್ಸಲ ಬಂದು ಹೋಗು" ಅನ್ನುವಳು. ಪ್ರತಿ ಭಾನುವಾರವೂ ಅವನು, "ಬಸ್ಸಲ್ಲಿ ಕೂತ್ರೆ ಬೆನ್ನು ಮುರಿಯತ್ತೆ. ವಿಮಾನ ಹತ್ತಿದ್ರೆ ಎದೆ ನಿಂತುಹೋಗತ್ತೆ. ದೂರ ಕಣೇ ಗ್ರಾಸಿಂಡಾ, ಬಹಳ ದೂರ" ಅನ್ನುವನು. ಅದು ನೆಪವಲ್ಲ, ನಿಜ. ಕಸಿಮಿರೊನ ಅಂಗಡಿಯ ಎತ್ತರದ ಸ್ಟೂಲಿನ ಮೇಲೆ ಕೂತರೂ ಅವನಿಗೆ ತಲೆ ತಿರುಗುತ್ತಿತ್ತು.

ಆದರೆ ಕಳೆದ ಭಾನುವಾರ ಅವಳು ಬೇರೆಯೇ ಮಾತಾಡಿದಳು. "ಮಂಗಳವಾರ ಕೆಲಸ ಮುಗೀತು. ಕೀಲಿ ಕೊಟ್ಟು ಕೋಣೆ ಬಿಡ್ತೀನಿ."

"ಎಲ್ಲಿಗೆ ಹೋಗ್ತೀಯ? ಓರ್ಲೆಯಾನಿನ ತಂಗಿ ಮನೆಗಾ?"

"ನೋಡೋಣ," ಅಂದು ಅವಳು ನಕ್ಕಳು.

ಪ್ಯಾರಿಸ್ಸಿನಾಚೆಯ ಓರ್ಲೆಯಾನ್ ಊರಿಗೆ ಹೋದವಳು ತಂಗಿಯ ಮಕ್ಕಳ ಗದ್ದಲದಲ್ಲಿ ಮುಳುಗಿದರೆ ಮುಗಿಯಿತು. ಇಷ್ಟು ವರ್ಷ ಗಂಟಲಲ್ಲಿ ಸಿಕ್ಕಿಸಿಕೊಂಡಿದ್ದ ಮಾತನ್ನು ಮಂಗಳವಾರದ ಒಳಗೆ ಎದುರು ನಿಂತು ಹೇಳಬೇಕು. ಪೋರ್ಟೊದಿಂದ ಬಸ್ಸು ಹೊರಡುವುದು ಗುರುವಾರ. ಉಳಿದದ್ದು ಆಕಾಶ.

ವಿಮಾನ ನಿಲ್ದಾಣದಲ್ಲಿ ಚೀಲ ಅಳೆಯಲು ಒಂದು ಕಬ್ಬಿಣದ ಪಂಜರ ಇಟ್ಟಿದ್ದರು. ಬಡವರ ಚೀಲ ಎಷ್ಟು ದೊಡ್ಡದಿರಬಹುದೆಂದು ಎಲ್ಲೋ ಕೂತ ಸಾಹುಕಾರನೊಬ್ಬ ತೀರ್ಮಾನಿಸಿ ಬೆಸುಗೆ ಹಾಕಿಸಿದ್ದ. ಅದರೊಳಗೆ ರೊಟ್ಟಿಯೊಂದಕ್ಕೇ ಜಾಗ ಸಾಲಲಿಲ್ಲ. ಅಡೆಲಿನೊ ಮೂಲೆಗೆ ಹೋಗಿ ಹಳೆಯ ವಿದ್ಯೆ ಹೊರತೆಗೆದ. ಹಿಂದೆ ಗಡಿಯಲ್ಲಿ ಸುಂಕದವರ ಕಣ್ಣಿಗೆ ಮಣ್ಣೆರಚಲು ಹೀಗೆಯೇ ಮಾಡುತ್ತಿದ್ದದ್ದು. ಚೊರಿಸೊ ಸರವನ್ನು ಸೊಂಟಕ್ಕೆ ಸುತ್ತಿದ. ಉಪ್ಪುಮೀನನ್ನು ಕೋಟಿನ ಒಳಗೆ ಬೆನ್ನಿಗೆ ಕಟ್ಟಿಕೊಂಡ. ರೊಟ್ಟಿಯನ್ನು ಹೊಟ್ಟೆಗೆ ಅಂಗಿಯೊಳಗೆ ತುರುಕಿಕೊಂಡ. ಒಂದು ಕೈಯಲ್ಲಿ ಎಣ್ಣೆ ಡಬ್ಬಿ, ಇನ್ನೊಂದರಲ್ಲಿ ಸಸಿಗಳು, ನೆಟ್ಟಗೆ. ಬೆಳಿಗ್ಗೆ ಎದ್ದಾಗ ಬಡಕಲಾಗಿದ್ದ ಮನುಷ್ಯ ಈಗ ತುಂಬು ಬಸುರಿಯಂತೆ, ಆದರೆ ಗೂನಿರುವ ಬಸುರಿಯಂತೆ ತಪಾಸಣೆಯ ಸಾಲಿನಲ್ಲಿ ನಿಂತ.

ಯಂತ್ರ ಕೂಗಲಿಲ್ಲ. ಕೂಗಿದ್ದು ತಪಾಸಣೆಯ ಅಧಿಕಾರಿ.

"ಸಿನ್ಯೋರ್, ಬೆನ್ನಿಗೇನಾಗಿದೆ?"

"ಉಪ್ಪುಮೀನು."

"ಹೊಟ್ಟೆಗೆ?"

"ಜೋಳದ ರೊಟ್ಟಿ."

"ಸೊಂಟದಲ್ಲಿ?"

ಅಡೆಲಿನೊ ಅಂಗಿ ಎತ್ತಿದ. ಬೆಳ್ಳುಳ್ಳಿ, ಕೆಂಪುಮೆಣಸು, ಹೊಗೆ, ಮೂರೂ ಸೇರಿದ ವಾಸನೆ ಹಾಲಿನ ತುಂಬ ಹರಡಿತು. ಹಿಂದಿನ ಸಾಲಿನಲ್ಲಿ ಯಾರದೋ ಹೊಟ್ಟೆ ಗುರ್ ಅಂದಿತು. ಅಧಿಕಾರಿ ಬಗ್ಗಿ ಮೂಸಿ ನೋಡಿ, ಒಂದು ಕ್ಷಣ ಕಣ್ಣು ಮುಚ್ಚಿದ.

"ಮನೆಯಲ್ಲಿ ಮಾಡಿದ್ದಾ?"

"ಹೂಂ. ಓಕ್ ಕಟ್ಟಿಗೆ ಹೊಗೇಲಿ."

"ನಮ್ಮಜ್ಜಿ ಹಿಂಗೇ ಮಾಡೋಳು..." ಅಂದವನು ತಟ್ಟನೆ ಸಮವಸ್ತ್ರ ನೆನಪಾಗಿ ಗಂಟಲು ಸರಿಮಾಡಿಕೊಂಡ. "ಗಟ್ಟಿ ಪದಾರ್ಥ, ಪರವಾಗಿಲ್ಲ, ಹೋಗಿ. ಎಣ್ಣೆ ಬಿಡಿ."

"ಎಣ್ಣೆ ಬಿಡೋಕಾಗಲ್ಲ ಸ್ವಾಮಿ. ಮೂವತ್ತೊಂದು ವರ್ಷದಲ್ಲಿ ಒಂದು ಗಂಟೂ..."

"ಒಂದೋ ಎಣ್ಣೆ ಇಲ್ಲಿರತ್ತೆ, ಇಲ್ಲಾ ಎಣ್ಣೆ ಜೊತೆ ನೀವೂ ಇಲ್ಲೇ ಇರ್ತೀರ."

ಹಿಂದೆ ನಿಂತವರು ಬೈಯತೊಡಗಿದ್ದರು. ಅಡೆಲಿನೊ ಡಬ್ಬಿಯನ್ನು ಕೆಳಗಿಟ್ಟು ಅದರ ತಲೆ ಸವರಿದ. ಜೀವನದಲ್ಲಿ ಕಳೆದುಕೊಂಡ ಮೊದಲ ಗಂಟು.

ವಿಮಾನದ ಬಾಗಿಲಲ್ಲಿ ಅವನು ಅಭ್ಯಾಸಬಲದಿಂದ ಪ್ರಯಾಣಿಕರ ತಲೆ ಎಣಿಸಲು ನಿಂತ. ಪರಿಚಾರಿಕೆ ಮೆಲ್ಲಗೆ ತಳ್ಳಿದಳು.

"ಡ್ರೈವರ್ ಎಲ್ಲಮ್ಮ? ಒಂದು ಮಾತು ಕೇಳಬೇಕಿತ್ತು."

"ಕ್ಯಾಪ್ಟನ್ ಒಳಗಿದ್ದಾರೆ. ಏನು ಕೇಳಬೇಕು?"

"ಊಟಕ್ಕೆ ಎಲ್ಲಿ ನಿಲ್ಲಿಸ್ತಾರೆ ಅಂತ."

"ಎಲ್ಲೂ ನಿಲ್ಲಿಸಲ್ಲ ಸಿನ್ಯೋರ್," ಅಂದಳು ಅವಳು. ಅಡೆಲಿನೊ ಬಾಗಿಲಿನಾಚೆಯ ಮೆಟ್ಟಿಲ ಕಡೆ ತಿರುಗಿ ನೋಡಿದ. ಎಲ್ಲೂ ನಿಲ್ಲಿಸದ ಗಾಡಿಯ ಬಗ್ಗೆ ಅವನು ಕೇಳಿದ್ದು ಅದೇ ಮೊದಲು.

ಅವನ ಪಕ್ಕದ ಸೀಟಿನಲ್ಲಿ ವಯಸ್ಸಾದ ಕ್ರೈಸ್ತ ಸನ್ಯಾಸಿನಿಯೊಬ್ಬಳು ಜಪಮಾಲೆ ತಿರುಗಿಸುತ್ತಿದ್ದಳು. ವಿಮಾನ ನೆಲ ಬಿಟ್ಟ ಕ್ಷಣ ಅಡೆಲಿನೊ ಬಲಗಾಲಿನಿಂದ ಇಲ್ಲದ ಬ್ರೇಕನ್ನು ಒತ್ತಿ, ಎಡಗೈಯಿಂದ ಸಿಕ್ಕಿದ್ದನ್ನು ಹಿಡಿದುಕೊಂಡ. ಸಿಕ್ಕಿದ್ದು ಸನ್ಯಾಸಿನಿಯ ಕೈ.

"ಸಿಸ್ಟರ್, ಕ್ಷಮಿಸಿ. ಬಿಡೋಕೆ ಹೋಗ್ತಿದ್ದೀನಿ, ಕೈ ಕೇಳ್ತಿಲ್ಲ."

"ಇರಲಿ ಮಗನೇ, ಹಿಡ್ಕೊ. ಆದ್ರೆ ಈ ಮೀನಿನ ವಾಸನೆ ಎಲ್ಲಿಂದ ಬರ್ತಿದೆ?"

"ನನ್ನ ಬೆನ್ನಿಂದ."

ಸನ್ಯಾಸಿನಿ ಶಿಲುಬೆಯ ಗುರುತು ಮಾಡಿಕೊಂಡು ಕಿಟಕಿ ಕಡೆ ತಿರುಗಿದಳು. ಕೈಯನ್ನು ಮಾತ್ರ ಬಿಡಿಸಿಕೊಳ್ಳಲಿಲ್ಲ, ಪುಣ್ಯಾತ್ಗಿತ್ತಿ.

ಸ್ವಲ್ಪ ಹೊತ್ತಿಗೆ ಅಡೆಲಿನೊ ಒಂದು ಕಣ್ಣು ತೆಗೆದ. "ಸಿಸ್ಟರ್, ಸ್ಪೇನ್ ಬಂತಾ?"

"ಸ್ಪೇನ್ ಮುಗೀತು. ಕೆಳಗೆ ಸಮುದ್ರ."

ಸ್ಪೇನ್ ಮುಗಿಯಿತಂತೆ! ಅಡೆಲಿನೊಗೆ ಹೆದರಿಕೆಯ ನಡುವೆಯೂ ಸಿಟ್ಟು ನೆತ್ತಿಗೇರಿತು. ಸ್ಪೇನ್ ಅಂದರೆ ಅವನ ಅರ್ಧ ಆಯುಷ್ಯ. ಸಲಮಾಂಕದಲ್ಲಿ ಟಯರು ಒಡೆದಾಗ ಇಡೀ ಬಸ್ಸು ಇಳಿದು ರಸ್ತೆಬದಿಯಲ್ಲಿ ಹಾಡಿದ್ದು, ಬುರ್ಗೋಸಿನ ಚಳಿಯಲ್ಲಿ ಇಂಜಿನ್ನಿಗೆ ಕಂಬಳಿ ಹೊದಿಸಿದ್ದು, ಗಡಿ ದಾಟುವ ಮುನ್ನ ಎಲ್ಲರೂ ಒಮ್ಮೆಲೇ ಮಾತು ನಿಲ್ಲಿಸುತ್ತಿದ್ದದ್ದು. ಇಷ್ಟನ್ನೂ ಇವರು ಒಂದು ಲೋಟ ನೀರು ಹಂಚುವಷ್ಟರಲ್ಲಿ ಮುಗಿಸಿದ್ದರು. ಯಾರಿಗೂ ನಾಚಿಕೆಯೇ ಇರಲಿಲ್ಲ. ಮುಂದಿನ ಸಾಲಿನವನು ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ.

ಬುರ್ಗೋಸ್ ದಾಟಿದ ಮೇಲಿನ ಇಳಿಜಾರಿನಲ್ಲೇ, ಒಂದು ಡಿಸೆಂಬರ್, ಗ್ರಾಸಿಂಡಾ ಅವನ ಹಿಂದಿನ ಸೀಟಿನಲ್ಲಿ ಕೂತಿದ್ದಳು. ತಾಯಿಯನ್ನು ಮಣ್ಣುಮಾಡಿ ವಾಪಸ್ ಹೊರಟವಳು. ಅಳಲಿಲ್ಲ. ಒಂದರ ಹಿಂದೆ ಒಂದು ಕಿತ್ತಳೆ ಸುಲಿದು, ತೊಳೆ ಬಿಡಿಸಿ, ನಾರು ತೆಗೆದು, ಹಿಂದಿನಿಂದ ಅವನ ಕೈಗೆ ಇಡುತ್ತ ಹೋದಳು. ಅವನು ರಸ್ತೆ ನೋಡುತ್ತ ತಿನ್ನುತ್ತ ಹೋದ. ಬೋರ್ದೋ ಬರುವವರೆಗೂ ಬಸ್ಸಿನ ತುಂಬ ಕಿತ್ತಳೆ ವಾಸನೆ. ಆವತ್ತೇ ಹೇಳಬಹುದಿತ್ತು. ಹೇಳಲಿಕ್ಕೆ ಇನ್ನೂ ಬಹಳ ರಸ್ತೆ ಇದೆ ಅಂದುಕೊಂಡಿದ್ದ. ದಾರಿ ಉದ್ದವಿದ್ದವರಿಗೆ ಈ ಒಂದು ಕಾಯಿಲೆ.

ಚಕ್ರ ನೆಲ ಮುಟ್ಟಿದಾಗ ಅವನು "ಅಯ್ಯೋ ತಾಯಿ!" ಅಂತ ಕಿರುಚಿದ ಸದ್ದಿಗೆ ಗೊರಕೆಯವನು ಎದ್ದು ಕೂತ. ಸನ್ಯಾಸಿನಿ ತನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡು, ಎಲ್ಲವೂ ಇವೆಯೇ ಅಂತ ನೋಡಿಕೊಂಡಳು.

"ಎಲ್ಲಿಗೆ ಹೊರಟಿದ್ದೀಯ ಮಗನೇ, ಇಷ್ಟು ಕಷ್ಟಪಟ್ಟು?"

"ಒಬ್ಬಳನ್ನ ಮದುವೆ ಕೇಳೋಕೆ."

"ಹಾಗಾದ್ರೆ ಮೊದಲು ಮೀನು ಬಿಚ್ಚು," ಅಂದಳು ಸನ್ಯಾಸಿನಿ.

ಮೀನು ಬಿಚ್ಚುವ ಜಾಗ ಸಿಗಲಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿತ್ತು. ಅಡೆಲಿನೊಗೆ ಪ್ಯಾರಿಸ್ ಅಂಗೈಯಷ್ಟು ಗೊತ್ತು, ಆದರೆ ಬಸ್ ನಿಲ್ದಾಣದಿಂದ ಮಾತ್ರ. ಆಕಾಶದ ಕಡೆಯಿಂದ ಅವನು ಆ ಊರಿಗೆ ಬಂದೇ ಇರಲಿಲ್ಲ. ಆದ್ದರಿಂದ ಮೊದಲು ಊರಿನ ಇನ್ನೊಂದು ತುದಿಯ ಬಸ್ ನಿಲ್ದಾಣಕ್ಕೆ ಹೋದ. ಅಲ್ಲಿ ತನ್ನ ಹಳೆಯ ಅಂಕಣದಲ್ಲಿ ನಿಂತು, ಈಗ ತಾನೇ ಬಸ್ಸಿನಿಂದ ಇಳಿದವನಂತೆ ಎಡಕ್ಕೆ ತಿರುಗಿ, ಅಲ್ಲಿಂದ ಗ್ರಾಸಿಂಡಾಳ ಬೀದಿಗೆ ನಡೆಯತೊಡಗಿದ. ಹೀಗೆ ವಿಮಾನ ಉಳಿಸಿದ ಹೊತ್ತನ್ನೆಲ್ಲ ಮೆಟ್ರೊಗೆ ಕೊಟ್ಟು, ಮಧ್ಯಾಹ್ನ ಇಳಿಯುವ ಹೊತ್ತಿಗೆ ಅವಳ ಕಟ್ಟಡದ ಹೆಬ್ಬಾಗಿಲು ಸೇರಿದ.

ಬೇಗ ಬಂದಿದ್ದರೆ ಗ್ರಾಸಿಂಡಾ ಒಬ್ಬಳೇ ಇರುತ್ತಿದ್ದಳು. ಈಗ ಒಳ ಅಂಗಳದಲ್ಲಿ ಇಡೀ ಕಟ್ಟಡವೇ ನೆರೆದಿತ್ತು. ಬಾಗಿಲು ಕಾಯುವವಳನ್ನು ಬೀಳ್ಕೊಡಲು ಬಂದವರು, ಇಷ್ಟು ವರ್ಷ ಅವಳಿಂದ ಕಸ ಎತ್ತಿಸಿದವರು, ಕೈಯಲ್ಲಿ ಗ್ಲಾಸು ಹಿಡಿದು ನಗುತ್ತಿದ್ದರು. ಗೋಡೆಗೆ ಎರಡು ಪೆಟ್ಟಿಗೆ ಆನಿಸಿತ್ತು. ಪೆಟ್ಟಿಗೆಗಳ ಪಕ್ಕ ಅವಳ ತಂಗಿಯ ಗಂಡ, ಓರ್ಲೆಯಾನಿನ ದಪ್ಪ ಮೀಸೆಯವನು, ವ್ಯಾನಿನ ಕೀಲಿ ಬೆರಳಲ್ಲಿ ತಿರುಗಿಸುತ್ತಿದ್ದ.

ಎಲ್ಲರೂ ಬಾಗಿಲ ಕಡೆ ತಿರುಗಿದರು. ಗೂನುಬೆನ್ನು, ದುಂಡು ಹೊಟ್ಟೆ, ಕೈಯಲ್ಲಿ ಬಾಡಿದ ಕೋಸಿನ ಸಸಿ, ಬೆಳ್ಳುಳ್ಳಿಯ ಘಾಟು.

"ಅಡೆಲಿನೊ!" ಗ್ರಾಸಿಂಡಾಳ ಕೈಯಿಂದ ಗ್ಲಾಸು ಜಾರಿತು. "ನೀನಾ? ಹೆಂಗೆ ಬಂದೆ?"

"ವಿಮಾನದಲ್ಲಿ."

ಅವಳ ಕಣ್ಣು ತುಂಬಿಕೊಂಡಿತು. ಹತ್ತಿರ ಬಂದು ಅವನ ತೋಳು ಮುಟ್ಟಿದಳು. "ವಿಮಾನದಲ್ಲಾ? ನೀನಾ? ಭಯ ಆಗಲಿಲ್ವೇನೋ?"

ಅಲ್ಲಿ, ಆ ಕ್ಷಣದಲ್ಲಿ, 'ಜೀವ ಬಾಯಿಗೆ ಬಂದಿತ್ತು ಕಣೇ' ಅಂದಿದ್ದರೆ ಕತೆ ಅಲ್ಲಿಗೆ ಸುಖವಾಗಿ ಮುಗಿಯುತ್ತಿತ್ತು. ಆದರೆ ಮೀಸೆಯವನು ಅವನನ್ನು ಮೇಲಿಂದ ಕೆಳಗೆ ಅಳೆಯುತ್ತಿದ್ದ. ಗ್ಲಾಸಿನವರು ತುಟಿಯಂಚಿನಲ್ಲಿ ನಗುತ್ತಿದ್ದರು. ಅಡೆಲಿನೊ ಗೂನನ್ನು ಸಾಧ್ಯವಾದಷ್ಟು ನೆಟ್ಟಗೆ ಮಾಡಿದ.

"ಭಯಾನಾ? ನನಗಾ? ನಿದ್ದೆ ಹೊಡ್ಕೊಂಡು ಬಂದೆ. ಪೋರ್ಟೊದಿಂದ ಪ್ಯಾರಿಸ್ ಏನು ದೊಡ್ಡ ದೂರ? ಎರಡೇ ಗಂಟೆ! ಪಕ್ಕದ ಓಣಿಗೆ ಹೋದಂಗೆ."

ಗ್ರಾಸಿಂಡಾಳ ಕೈ ಅವನ ತೋಳಿನಿಂದ ಇಳಿಯಿತು.

"ಎರಡು ಗಂಟೆ?"

"ಎರಡೇ."

"ಪಕ್ಕದ ಓಣಿ?"

"ಹೂಂ ಮತ್ತೆ!" ಅಂದ ಅಡೆಲಿನೊ, ಇನ್ನೂ ಏನೂ ಅರ್ಥವಾಗದೆ, ಮೀಸೆಯವನ ಕಡೆ ಗೆದ್ದವನಂತೆ ನೋಡುತ್ತ.

"ನಾಲ್ಕು ವರ್ಷ," ಅಂದಳು ಗ್ರಾಸಿಂಡಾ. ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು. "ನಾಲ್ಕು ವರ್ಷ ಪ್ರತಿ ಭಾನುವಾರ ದೂರ ದೂರ ಅಂದೆ. ನಾನು ನಂಬಿದೆ. ಜಗತ್ತೆಲ್ಲ ಹಾರಾಡ್ತಿದ್ರೂ ಇವನೊಬ್ಬನಿಗೆ ಭಯ, ಪಾಪ, ರಸ್ತೆಯ ಮನುಷ್ಯ ಅಂದ್ಕೊಂಡೆ. ಹಬ್ಬದ ದಿನ ಈ ಕೋಣೇಲಿ ಒಬ್ಬಳೇ ಸೂಪು ಕುಡೀತಾ, ಅವನ ಎದೆ ಮೆತ್ತಗೆ, ಅದಕ್ಕೇ ಬಂದಿಲ್ಲ ಅಂತ ನನಗೆ ನಾನೇ ಹೇಳ್ಕೊಂಡೆ. ನೀನು ಪಕ್ಕದ ಓಣೀಲಿದ್ದೆ."

ಅಡೆಲಿನೊಗೆ ಆಗ ನೆಲ ಕುಸಿದಂತಾಯಿತು. "ಅಯ್ಯೋ, ಸುಳ್ಳು ಕಣೇ! ಸುಳ್ಳು ಹೇಳಿದೆ! ಜೀವ ಹೋಗಿತ್ತು! ಕಣ್ಣೇ ಬಿಡಲಿಲ್ಲ!"

"ಈಗಷ್ಟೇ ನಿದ್ದೆ ಹೊಡೆದೆ ಅಂದೆ."

"ನಿದ್ದೆ ಎಲ್ಲಿ ಬರತ್ತೆ! ದಾರಿ ಪೂರ್ತಿ ಒಬ್ಬ ಹೆಂಗಸಿನ ಕೈ ಹಿಡ್ಕೊಂಡೇ ಬಂದೆ!"

"ಯಾರ ಕೈ?"

ಮೀಸೆಯವನು ಕೀಲಿ ತಿರುಗಿಸುವುದನ್ನು ನಿಲ್ಲಿಸಿದ.

"ಸನ್ಯಾಸಿನಿ! ಸನ್ಯಾಸಿನಿ ಕಣೇ! ಹೆಸರು ಕೇಳಲಿಲ್ಲ..."

"ಮುದುಕನಾದೆ ಅಡೆಲಿನೊ, ಒಂದು ಸುಳ್ಳನ್ನಾದ್ರೂ ನೆಟ್ಟಗೆ ಹೇಳೋದು ಕಲಿ," ಅಂದಳು ಗ್ರಾಸಿಂಡಾ. ಶಾಲು ಹೊದ್ದುಕೊಂಡಳು. ಆಮೇಲೆ ತಂಗಿಯ ಗಂಡನ ಕಡೆ ತಿರುಗಿದಳು. "ಬಸ್ ನಿಲ್ದಾಣಕ್ಕೆ ಬೇಡ. ನಿಮ್ಮ ಮನೆಗೇ ನಡಿ."

"ಬಸ್ ನಿಲ್ದಾಣಾನಾ?" ಅಡೆಲಿನೊ ಪೆಟ್ಟಿಗೆಗಳ ಕಡೆ ನೋಡಿದ. "ನೀನು ಎಲ್ಲಿಗೆ ಹೊರಟಿದ್ದೆ?"

ಉತ್ತರ ಕೊಟ್ಟದ್ದು ಮೀಸೆಯವನು. ಅವನಿಗೆ ಅಡೆಲಿನೊನ ಮೇಲೆ ನಿಜವಾಗಿ ಕನಿಕರ ಹುಟ್ಟಿತ್ತು. "ಪೋರ್ಟೊಗೆ ಮಾರಾಯ! ಸಂಜೆ ಬಸ್ಸಿಗೆ. ಅವನಿಗೆ ಬರೋಕಾಗಲ್ಲ, ಹೆದರ್ತಾನೆ, ಹಾಗಾಗಿ ನಾನೇ ಹೋಗಿಬಿಡ್ತೀನಿ ಅಂತ ವಾರದಿಂದ ಕುಣೀತಿದ್ಲು. ನೀನು ಮನೇಲಿ ಸುಮ್ನೆ ಕೂತಿದ್ರೆ ನಾಳೆ ನಿನ್ನ ಬಾಗಿಲಲ್ಲಿ ಇರ್ತಿದ್ಲು."

ಪೆಟ್ಟಿಗೆಗಳು ವ್ಯಾನು ಏರಿದವು. ಗ್ರಾಸಿಂಡಾ ಮುಂದಿನ ಸೀಟಿನಲ್ಲಿ ಕೂತು ಕಿಟಕಿ ಏರಿಸಿದಳು. ವ್ಯಾನು ಬೀದಿಯ ತಿರುವಿನಲ್ಲಿ ಒಮ್ಮೆ ನಿಧಾನವಾದಂತೆ ಕಂಡಿತು. ಅದು ಸಿಗ್ನಲ್ಲಿಗೆ. ಹಸಿರಾದ ಮೇಲೆ ಹೋಯಿತು.

ಸಂಜೆ ಏಳರ ವಿಮಾನದಲ್ಲಿ ಅಡೆಲಿನೊ ಕಿಟಕಿ ಪಕ್ಕ ಕೂತ. ಈ ಸಲ ಪಕ್ಕದ ಸೀಟು ಖಾಲಿ. ವಿಮಾನ ಓಡಿತು, ಎದ್ದಿತು, ಮೋಡದಲ್ಲಿ ಹಳೆಯ ಟ್ರಂಕಿನಂತೆ ಕುಲುಕಾಡಿತು. ಯಾರೋ ಕಿರುಚಿದರು. ಅವನು ಬಲಗಾಲನ್ನು ನೋಡಿಕೊಂಡ. ಅದು ಏನನ್ನೂ ಒತ್ತುತ್ತಿರಲಿಲ್ಲ. ಎಡಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಅವನು ಕಾದ. ಎದೆ ಹೊಡೆದುಕೊಳ್ಳಲಿ, ಬೆವರು ಬರಲಿ, ಒಂದಿಷ್ಟಾದರೂ ನಡುಕ ಬರಲಿ ಅಂತ ಕಾದ. ಕೆಳಗೆ ಸಮುದ್ರ ಮುಗಿದು ಸ್ಪೇನಿನ ದೀಪಗಳು ಶುರುವಾದವು. ಅವುಗಳಲ್ಲಿ ಬುರ್ಗೋಸ್ ಯಾವುದೆಂದು ಹುಡುಕುತ್ತ ಹುಡುಕುತ್ತ ಅವನಿಗೆ ತೂಕಡಿಕೆ ಬಂತು.

ಅಂಗಳದಲ್ಲಿ ಹೇಳಿದ ಸುಳ್ಳು ಮೋಡದ ಮೇಲೆ ನಿಜವಾಗಿತ್ತು. ಅದನ್ನು ನಂಬಬೇಕಾದವಳು ಮಾತ್ರ ಅದು ಸುಳ್ಳಾಗಿದ್ದಾಗಲೇ ನಂಬಿ, ಓರ್ಲೆಯಾನಿಗೆ ಹೋಗಿಬಿಟ್ಟಿದ್ದಳು.